ಎರಡು ಚಮಚ ಖಾರ, ಅರ್ಧ ಚಮಚ ಸಕ್ಕರೆ

ನಾಲ್ಕು... ಐದು... ಆರು!

ಆರನೇ ಚಮಚ ಸಕ್ಕರೆಯನ್ನು ತನ್ನ ನೂಡಲ್ ಸೂಪಿಗೆ ಸುರಿದು, ಅವಳು ಕಣ್ಣಂಚಿನಲ್ಲೇ ಎದುರಿನ ಮೇಜಿನತ್ತ ನೋಡಿದಳು.

ಎದುರಿನ ಮೇಜಿನವನೂ ಸುರಿದ. ಸರಿಯಾಗಿ ಆರು ಚಮಚ!

'ಅಂದ್ರೆ ನನ್ನ ಅನುಮಾನ ನಿಜ! ಹನ್ನೊಂದು ದಿನದಿಂದ ಇವನು ನನ್ನನ್ನ ಅಣಕಿಸ್ತಾನೇ ಇದ್ದಾನೆ!'

ಅವಳ ಕಿವಿ ಬಿಸಿಯಾಯಿತು. ಅವನು ಅದೇನೂ ಗೊತ್ತಿಲ್ಲದವನಂತೆ ಸೂಪನ್ನು ನಿಧಾನವಾಗಿ ಕಲಸಿದ. ಒಂದು ಚಮಚ ಬಾಯಿಗಿಟ್ಟ. ಇನ್ನೊಂದು ಇಟ್ಟ. ಮುಖ ಕಿವುಚಲಿಲ್ಲ, ನೀರು ಕುಡಿಯಲಿಲ್ಲ. ಆರು ಚಮಚ ಸಕ್ಕರೆ ಹಾಕಿದ ಸೂಪನ್ನು ಯಾರಾದರೂ ಹಾಗೆ ತಣ್ಣಗೆ ಕೂತು ತಿನ್ನುತ್ತಾರಾ? ಹಟಕ್ಕೂ ಒಂದು ಮಿತಿ ಬೇಡವೇ!

ಅವಳ ಬಟ್ಟಲಿನಲ್ಲಿದ್ದದ್ದು ಸೂಪಲ್ಲ, ನೂಡಲ್ ಹಾಕಿದ ಪಾನಕ. ಒಂದು ಗುಟುಕು ನುಂಗುವಷ್ಟರಲ್ಲಿ ಅವಳಿಗೆ ಸಾಕುಸಾಕಾಯಿತು. ದಿನವಿಡೀ ದುಡಿದು ಬಂದು, ಇದೊಂದು ಬಟ್ಟಲಿಗೋಸ್ಕರ ಕಾದಿದ್ದು, ಅದನ್ನೂ ಇವನಿಂದಾಗಿ ಹಾಳು ಮಾಡಿಕೊಂಡೆನಲ್ಲ ಎಂಬ ಸಂಕಟಕ್ಕೆ ಬಾಯಿ ತಡೆಯಲಿಲ್ಲ. ಈ ಪರದೇಶದಲ್ಲಿ ಯಾರಿಗೆ ಅರ್ಥವಾಗಬೇಕು ಎಂಬ ಧೈರ್ಯ ಬೇರೆ.

"ಇಂಥವರ ನಾಲಿಗೆಗೆ ಬರೆ ಎಳೀಬೇಕು!"

ಎದುರಿನವನು ಚಮಚ ಕೆಳಗಿಟ್ಟ. ತಲೆ ಎತ್ತಿದ. ಅಚ್ಚಗನ್ನಡದಲ್ಲಿ ಹೇಳಿದ.

"ಎಳೆದಾಗಿದೆ ರೀ... ಮೂರು ತಿಂಗಳಾಯ್ತು."

ಅವಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು!

---

ಇಷ್ಟಕ್ಕೂ ನಮ್ಮ ಹುಡುಗಿ ಜಗಳಗಂಟಿಯೇನಲ್ಲ. ಹುಡುಗಿ ಅಂದೆ, ವಯಸ್ಸು ಮೂವತ್ತೊಂದು. ಈ ದೇಶಕ್ಕೆ ಬಂದು ಎಂಟು ತಿಂಗಳು. ದೊಡ್ಡ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಅವಳ ಕೆಲಸ. ಆಪರೇಷನ್ನಿಗೆ ಬಳಸಿದ ಕತ್ತರಿ, ಚಿಮಟ, ಚಾಕುಗಳೆಲ್ಲ ಅವಳ ಕೈಗೆ ಬರುತ್ತವೆ. ತೊಳೆದು, ಒರೆಸಿ, ಪಟ್ಟಿ ನೋಡಿಕೊಂಡು, ಟ್ರೇಯಲ್ಲಿ ಒಂದೊಂದನ್ನೂ ಅದರದರ ಜಾಗದಲ್ಲೇ ಜೋಡಿಸಿ, ಹಬೆಯ ಯಂತ್ರಕ್ಕೆ ಕಳಿಸಬೇಕು. ಬೆಳಗ್ಗೆ ಆರಕ್ಕೆ ತಲೆಗೆ ಟೋಪಿ, ಬಾಯಿಗೆ ಮಾಸ್ಕ್, ಕೈಗೆ ಗ್ಲೌಸು ಹಾಕಿದರೆ ಎಲ್ಲ ಬಿಚ್ಚುವುದು ಮಧ್ಯಾಹ್ನ ಎರಡೂವರೆಗೆ.

ಅಲ್ಲಿ ಅವಳ ಮುಖ ಯಾರಿಗೂ ಗೊತ್ತಿರಲಿಲ್ಲ. ಒಮ್ಮೆ ಮೇಲ್ವಿಚಾರಕಿಯೇ ಬಸ್ಸಿನಲ್ಲಿ ಪಕ್ಕ ಕೂತು, ಗುರುತು ಸಿಗದೆ, "ಸ್ವಲ್ಪ ಸರೀತೀಯಾ?" ಅಂದಿದ್ದಳು. ಆ ಮೇಲ್ವಿಚಾರಕಿಗೆ ಕೆಲಸದವರು ಅಂದರೆ ಕೈಗಳು. "ಇವತ್ತು ಎರಡು ಕೈ ಕಡಿಮೆ ಇದೆ, ಬೇಗ ಬೇಗ!" ಎಂದೇ ಅವಳ ದಿನ ಶುರುವಾಗುತ್ತಿತ್ತು.

ರಾತ್ರಿ ನಿದ್ದೆ ಮಾಡಿದರೂ ಹೋಗದಂಥ ಸುಸ್ತು ಒಂದಿರುತ್ತದೆ, ಅನುಭವಿಸಿದವರಿಗೇ ಗೊತ್ತು. ಮೈಗಿಂತ ಹೆಚ್ಚಾಗಿ ಮನಸ್ಸೇ ಕುಸಿದು ಕೂತಿರುತ್ತದೆ. ಅಮ್ಮ ಫೋನ್ ಮಾಡಿ "ಊಟ ಆಯ್ತೇನೇ?" ಅಂದರೆ "ಆಯ್ತಮ್ಮ" ಅನ್ನುವಳು. "ಏನು ತಿಂದೆ?" ಅಂದರೆ ನೆನಪೇ ಆಗುತ್ತಿರಲಿಲ್ಲ.

ಅಂಥ ಒಂದು ಮಧ್ಯಾಹ್ನ ಅವಳಿಗೆ ಆ ಥಾಯ್ ಹೋಟೆಲು ಸಿಕ್ಕಿತು. ಲಾಂಡ್ರಿ ಅಂಗಡಿಗೂ ಚಪ್ಪಲಿ ರಿಪೇರಿ ಅಂಗಡಿಗೂ ನಡುವೆ ಹೇಗೋ ತೂರಿಕೊಂಡಂತಿದ್ದ ಜಾಗ. ಆರೇ ಆರು ಮೇಜು. ಬೇಯಿಸುವುದು, ಬಡಿಸುವುದು, ಬಟ್ಟಲು ತೊಳೆಯುವುದು ಎಲ್ಲ ಒಬ್ಬಳೇ ಹೆಂಗಸು. ನಮ್ಮ ಹುಡುಗಿ ಮೊದಲ ದಿನವೇ ಮನಸ್ಸಿನಲ್ಲಿ ಆಕೆಗೆ 'ನೂಡಲ್ ಅಕ್ಕ' ಎಂದು ಹೆಸರಿಟ್ಟಳು.

ಬಿಸಿ ಬಟ್ಟಲು ಬಂತು. ತೆಳ್ಳನೆಯ ಅಕ್ಕಿ ನೂಡಲ್ಲು, ಮೊಳಕೆ ಕಾಳು, ಹುರಿದ ಬೆಳ್ಳುಳ್ಳಿ, ಮೇಲೆ ಕೊತ್ತಂಬರಿ. ಅವಳು ಒಂದು ಚಮಚ ಕುಡಿದು, 'ಸಪ್ಪೆ' ಅಂದುಕೊಂಡು ಸುಮ್ಮನೆ ತಿನ್ನತೊಡಗಿದಳು. ಸಪ್ಪೆಯನ್ನು ಸುಮ್ಮನೆ ತಿನ್ನುವುದು ಅಷ್ಟು ಹೊತ್ತಿಗೆ ಅಭ್ಯಾಸವಾಗಿಬಿಟ್ಟಿತ್ತು.

ನೂಡಲ್ ಅಕ್ಕ ಸರಸರನೆ ಬಂದು, ಮೇಜಿನ ಮೇಲಿದ್ದ ನಾಲ್ಕು ಗಾಜಿನ ಡಬ್ಬಿಗಳನ್ನು ಬೆರಳಿನಿಂದ ಟಕಟಕ ಕುಟ್ಟಿದಳು. ಒಂದರಲ್ಲಿ ಹುರಿದ ಮೆಣಸಿನ ಪುಡಿ, ಒಂದರಲ್ಲಿ ಸಕ್ಕರೆ, ಒಂದರಲ್ಲಿ ಹಸಿಮೆಣಸಿನ ಚೂರು ತೇಲುವ ವಿನೆಗರ್, ಇನ್ನೊಂದರಲ್ಲಿ ಕಂದು ಬಣ್ಣದ ಮೀನಿನ ಸಾಸ್.

"ನಾನು ಮಾಡೋದು ಅರ್ಧ," ಎಂದಳು ಅಕ್ಕ, ಇಬ್ಬರಿಗೂ ಅರೆಬರೆ ಬರುತ್ತಿದ್ದ ಆ ಊರ ಭಾಷೆಯಲ್ಲಿ. "ಉಳಿದರ್ಧ ನೀನು ಮಾಡ್ಕೋಬೇಕು. ನಮ್ಮಲ್ಲಿ ಹಂಗೇ. ನಿನ್ನ ಬಾಯಿಗೆ ಏನು ಬೇಕು ಅಂತ ನನಗೇನು ಗೊತ್ತು?"

ಎಂಟು ತಿಂಗಳಲ್ಲಿ ಅವಳಿಗೆ ಏನು ಬೇಕೆಂದು ಕೇಳಿದ ಮೊದಲ ವ್ಯಕ್ತಿ ಆಕೆ.

ನಾಲ್ಕೈದು ದಿನ ಹಾಕಿ ನೋಡಿ, ಕೊನೆಗೆ ಅಳತೆ ಸಿಕ್ಕಿತು. ಖಾರ ಎರಡು ಚಮಚ, ಸಕ್ಕರೆ ಅರ್ಧ, ವಿನೆಗರ್ ಒಂದು, ಮೀನಿನ ಸಾಸ್ ಮೂರೇ ಹನಿ. ಕೆಲಸದ ಅಭ್ಯಾಸ ಕೈ ಬಿಡುತ್ತದೆಯೇ? ಮೊದಲು ಡಬ್ಬಿಗಳನ್ನು ಅದೇ ಕ್ರಮದಲ್ಲಿ ಸಾಲಾಗಿ ಜೋಡಿಸುವಳು, ಆಮೇಲೆ ಒಂದೊಂದಾಗಿ ಹಾಕುವಳು. ನೂಡಲ್ ಅಕ್ಕ ನೋಡಿ ನೋಡಿ ನಕ್ಕು ಅವಳಿಗೆ 'ಎರಡು ಚಮಚ' ಎಂದೇ ಅಡ್ಡಹೆಸರಿಟ್ಟಳು.

ಆಮೇಲೆ ಬಂದನಲ್ಲ, ಈ ಎದುರಿನ ಮೇಜಿನವನು! ಬಂದ ದಿನದಿಂದ ಅವಳು ಡಬ್ಬಿ ಜೋಡಿಸಿದರೆ ತಾನೂ ಜೋಡಿಸುತ್ತಿದ್ದ. ಅವಳು ಎಷ್ಟು ಹಾಕಿದರೆ ತಾನೂ ಅಷ್ಟೇ. ಅವಳು ಮನಸ್ಸಿನಲ್ಲೇ ಅವನಿಗೆ 'ನಕಲುರಾಯ' ಎಂದು ನಾಮಕರಣ ಮಾಡಿದ್ದಳು. ಆ ದಿನ ಸಕ್ಕರೆ ಸುರಿದದ್ದು ಅವನನ್ನು ಪರೀಕ್ಷಿಸಲಿಕ್ಕೇ.

---

"ಕ್ಷಮಿಸಿ... ಕನ್ನಡದವರು ಅಂತ ಗೊತ್ತಿರ್ಲಿಲ್ಲ," ಎಂದಳು ಅವಳು, ಮೇಜಿನ ಅಂಚು ನೋಡುತ್ತಾ.

"ಗೊತ್ತಿದ್ದಿದ್ರೆ ಬೇರೆ ಭಾಷೇಲಿ ಬೈತಿದ್ರಾ?"

ಅವನು ನಗುತ್ತಿರಲಿಲ್ಲ. ಆದರೆ ಕಣ್ಣಿನಲ್ಲಿ ಏನೋ ಇತ್ತು. ಅವಳಷ್ಟೇ ದಣಿದ ಕಣ್ಣು.

"ನನ್ನನ್ನ ಯಾಕೆ ಅಣಕಿಸ್ತಿದ್ರಿ?"

"ಅಣಕಾನಾ? ಅಯ್ಯೋ... ಇಲ್ಲ ರೀ!" ಅವನು ಗಾಬರಿಯಾಗಿ ಎದ್ದೇ ನಿಂತ. "ಜ್ವರ ಬಂದಿತ್ತು. ಹೋಗುವಾಗ ನಾಲಿಗೆ, ಮೂಗು ಎರಡನ್ನೂ ತಗೊಂಡು ಹೋಯ್ತು. ಸಿಹಿ ಇಲ್ಲ, ಹುಳಿ ಇಲ್ಲ, ವಾಸನೆ ಇಲ್ಲ. ಬಾಯಿಗೆ ಏನಿಟ್ರೂ ಬಿಸಿಯೋ ತಣ್ಣಗೋ ಅಷ್ಟೇ ಗೊತ್ತಾಗೋದು. ಡಾಕ್ಟ್ರು, 'ಬಂದ್ರೆ ಬರಬಹುದು, ದಿನಾ ಏನಾದ್ರೂ ಘಾಟಾಗಿರೋದು ತಿಂತಾ ಇರು' ಅಂದ್ರು. ಇಲ್ಲಿಗೆ ಬಂದ್ರೆ ಈಯಮ್ಮ ನಾಲ್ಕು ಡಬ್ಬಿ ಮುಂದಿಟ್ಟು, ನೀನೇ ರುಚಿ ಮಾಡ್ಕೋ ಅಂತಾರೆ. ನನಗೆಲ್ಲಿ ಗೊತ್ತಾಗುತ್ತೆ ಎಷ್ಟು ಹಾಕ್ಬೇಕು ಅಂತ?"

"ಅದಕ್ಕೆ..."

"ಅದಕ್ಕೆ ನಿಮ್ಮನ್ನ ನೋಡಿ ಹಾಕ್ತಿದ್ದೆ. ನೀವು ಮೊದಲ ಚಮಚ ಬಾಯಿಗಿಟ್ಟ ತಕ್ಷಣ ನಿಮ್ಮ ಭುಜ ಇಷ್ಟು ಕೆಳಗಿಳಿಯುತ್ತೆ." ಅವನು ಎರಡು ಬೆರಳ ನಡುವೆ ಅಳತೆ ತೋರಿಸಿದ. "ಅಷ್ಟು ಚೆನ್ನಾಗಿರುತ್ತಲ್ಲ, ನಾನೂ ಅದನ್ನೇ ತಿಂತಿದ್ದೀನಿ ಅಂದ್ಕೊಂಡ್ರೆ ಏನೋ ಸಮಾಧಾನ. ಇವತ್ತೂ ಹಾಗೇ ಅಂದ್ಕೊಂಡು ತಿಂದೆ... ಯಾಕೆ, ಇವತ್ತಿಂದು ಚೆನ್ನಾಗಿಲ್ವಾ?"

ಅವಳು ಬಟ್ಟಲು ನೋಡಿದಳು. ಅವನನ್ನು ನೋಡಿದಳು. ತುಟಿ ಬಿಗಿಹಿಡಿದರೂ ನಗು ನಿಲ್ಲಲಿಲ್ಲ.

"ನೀವು ತಿಂದಿದ್ದು ಪಾನಕ ರೀ!"

ಎಷ್ಟು ತಿಂಗಳಾಗಿತ್ತೋ ಅವಳು ಹಾಗೆ ನಕ್ಕು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ನೂಡಲ್ ಅಕ್ಕ ಒಳಗಿನಿಂದ ಇಣುಕಿ, ಎರಡು ಹೊಸ ಬಟ್ಟಲು ತಂದು ಒಂದೇ ಮೇಜಿನ ಮೇಲಿಟ್ಟು ಹೋದಳು.

---

ಅಂದಿನಿಂದ ಎದುರುಬದುರು ಮೇಜು ಹೋಗಿ, ಮೂಲೆಯ ಮೇಜೊಂದೇ ಆಯಿತು.

ಅವನು ಚಹಾ ಕಂಪನಿಯಲ್ಲಿ ಕೆಲಸ ಎಂದ. ಆಫೀಸು ಕೆಲಸವಿರಬೇಕು ಎಂದುಕೊಂಡು ಅವಳು ಮುಂದೆ ಕೇಳಲಿಲ್ಲ. ದಿನಾ ಮೂರು ಗಂಟೆಗೆ ಬರುತ್ತಿದ್ದ. ದಿನಾ ಅದೇ ಪ್ರಶ್ನೆ.

"ಹೇಗಿದೆ?"

ಮೊದಮೊದಲು ಅವಳು "ಚೆನ್ನಾಗಿದೆ" ಅಂದು ಮುಗಿಸುತ್ತಿದ್ದಳು.

"ಚೆನ್ನಾಗಿದೆ ಅಂದ್ರೆ ನನಗೇನು ಗೊತ್ತಾಗುತ್ತೆ? ಸರಿಯಾಗಿ ಹೇಳಿ ರೀ."

"ಹೇಗೆ ಹೇಳ್ಲಿ... ಮೊದಲು ಹುಳಿ ಬರುತ್ತೆ. ಬಾಗಿಲು ತಟ್ಟದೆ ನುಗ್ಗೋ ನೆಂಟನ ಹಾಗೆ. ಅವನು ಬಂದು ಗಲಾಟೆ ಶುರು ಮಾಡೋಷ್ಟರಲ್ಲಿ ಹಿಂದಿನಿಂದ ಸಕ್ಕರೆ ಬಂದು, 'ಹೋಗ್ಲಿ ಬಿಡಪ್ಪ' ಅಂತ ಕೂರಿಸುತ್ತೆ."

"ಖಾರ?"

"ಖಾರ ಕೊನೇಗೆ. ನುಂಗಿ ಆದ್ಮೇಲೆ. ನಮ್ಮತ್ತೆ ಇದ್ದ ಹಾಗೆ, ಎಲ್ಲರೂ ಎದ್ದು ಹೊರಟಾಗ ಒಂದು ಮಾತು ಕುಟುಕಿ ಕಳಿಸೋದು!"

ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ಅವಳಿಗೋ ಆಶ್ಚರ್ಯ. ತನ್ನ ಬಾಯಲ್ಲಿ ಇಷ್ಟು ಮಾತು ಎಲ್ಲಿತ್ತು? ಬೆಳಗ್ಗೆ ನೆಲಮಾಳಿಗೆಯಲ್ಲಿ ಟ್ರೇ ಜೋಡಿಸುವಾಗಲೇ 'ಇವತ್ತು ಬೆಳ್ಳುಳ್ಳಿ ಬಗ್ಗೆ ಹೇಳ್ಬೇಕು' ಎಂದು ನೆನಪಾಗುತ್ತಿತ್ತು. ಸುಸ್ತು ಹಾಗೇ ಇತ್ತು. ಆದರೆ ಅದನ್ನು ಹೊತ್ತು ತಂದು ಕೆಳಗಿಡಲು ಒಂದು ಜಾಗವಾಗಿತ್ತು.

ಒಂದು ದಿನ ಅವನು ಅವಳ ಕೆನ್ನೆ ನೋಡಿ ಕೇಳಿದ.

"ಅಲ್ಲಿ ಗೆರೆ ಬಿದ್ದಿದೆಯಲ್ಲ, ಮಾಸ್ಕಿಂದಾ?"

"ಹೂಂ. ಸಂಜೆವರೆಗೂ ಹೋಗಲ್ಲ. ನೋಡೋಕೆ ಕೆಟ್ಟದಾಗಿದೆ ಅಲ್ವಾ?"

"ಇಲ್ಲ. ಆ ಗೆರೆ ನೋಡಿದ್ರೆ, ಈಗ ತಾನೇ ಮಾಸ್ಕ್ ತೆಗೆದು ಬಂದಿದ್ದಾರೆ, ಇವತ್ತು ಈ ಮುಖ ಮೊದಲು ನೋಡಿದ್ದು ನಾನೇ ಅನ್ಸುತ್ತೆ."

ಅವಳು ತಟ್ಟನೆ ಬಟ್ಟಲಿಗೆ ಮುಖ ಬಗ್ಗಿಸಿದಳು. ಆ ದಿನ ಅವಳ ಅಳತೆ ತಪ್ಪಿತು. ವಿನೆಗರ್ ಎರಡು ಸಲ ಹಾಕಿಬಿಟ್ಟಳು. ಅವನೂ ಹಾಕಿದ.

ಮುಂದಿನ ವಾರ ಅವನು ಮೂರು ಸಣ್ಣ ಫ್ಲಾಸ್ಕು ತಂದ. ಒಂದೊಂದರಲ್ಲಿ ಒಂದೊಂದು ಚಹಾ. ಆ ದಿನ ಅವನ ಮಾತು ಯಾಕೋ ಕಡಿಮೆ.

"ಇದು ಹೇಗಿದೆ ಹೇಳ್ತೀರಾ?"

ಹೇಳಿದಳು. ಖುಷಿಯಿಂದ ಹೇಳಿದಳು. ಎರಡನೆಯದನ್ನು ಕುಡಿದು ಕಣ್ಣರಳಿಸಿ, "ಇದು... ಒಗೆದ ಬಟ್ಟೆ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟ ತಕ್ಷಣ ಒಂದು ಪರಿಮಳ ಬರುತ್ತಲ್ಲ, ಅದು!" ಎಂದಳು.

ಅವನು ಬರೆದುಕೊಂಡ. ತಲೆ ಎತ್ತಲಿಲ್ಲ. ಅವಳಿಗೆ ಅದು ಆಗ ಹೊಳೆಯಲೇ ಇಲ್ಲ.

---

ನಾಲ್ಕು ದಿನ ಕಳೆದಿರಬೇಕು. ಇಬ್ಬರೂ ಸೂಪು ಮುಂದಿಟ್ಟುಕೊಂಡು ಕೂತಿದ್ದಾಗ, ಉದ್ದನೆಯ ಆಳೊಬ್ಬ ಬಗ್ಗಿಕೊಂಡು ಒಳಗೆ ಬಂದ. ಕೊರಳಲ್ಲಿ ಕಂಪನಿಯ ಕಾರ್ಡು. ಬಂದವನೇ ಅವನ ಬೆನ್ನಿಗೆ ಗುದ್ದಿ, ಆ ಊರ ಭಾಷೆಯಲ್ಲಿ ಗಟ್ಟಿಯಾಗಿ ಹೇಳಿದ.

"ಇಲ್ಲಿದ್ದೀಯಾ ಮಾರಾಯ! ಫೋನ್ ಯಾಕೆ ಎತ್ತಲ್ಲ? ನಿನ್ನ ವರದಿ ಓದಿ ಸಾಹೇಬ್ರು ಕುಣೀತಿದ್ದಾರೆ. 'ಇಸ್ತ್ರಿ ಮಾಡಿದ ಬಟ್ಟೆಯ ಪರಿಮಳ' ಅಂತೆ! ಡಬ್ಬದ ಮೇಲೆ ಅದನ್ನೇ ಅಚ್ಚು ಹಾಕಿಸ್ತಾರಂತೆ. ಜ್ವರ ಬಂದ್ಮೇಲೆ ನಿನ್ನ ನಾಲಿಗೆ ಇನ್ನೂ ಚುರುಕಾಗಿದೆ ಕಣೋ!"

ಎದುರಿಗೆ ಕೂತಿದ್ದವನ ಮುಖ ಬಿಳಿಚಿಕೊಂಡಿತು.

ಅವಳ ಕೈಯಲ್ಲಿದ್ದ ಚಮಚ ಬಟ್ಟಲಿನ ಅಂಚಿಗೆ ತಾಗಿ ಟಣ್ ಎಂದಿತು. ಉದ್ದನೆಯವನು ಹೊರಗೆ ಹೋಗಿ ಫೋನಿನಲ್ಲಿ ಮಾತಾಡತೊಡಗಿದ ಮೇಲೆ ಅವಳು ನಿಧಾನವಾಗಿ ಕೇಳಿದಳು.

"ಕಂಪನೀಲಿ ನಿಮ್ಮ ಕೆಲಸ ಏನು?"

ಅವನು ಖಾರದ ಡಬ್ಬಿಯ ಮುಚ್ಚಳ ತಿರುವುತ್ತಾ ಕೂತ.

"ಕೇಳಿದ್ದು ನಿಮ್ಮನ್ನೇ."

"ಚಹಾ ರುಚಿ ನೋಡೋದು," ಅಂದ ಅವನು. "ದಿನಕ್ಕೆ ನೂರು, ನೂರೈವತ್ತು ಕಪ್ಪು. ಜ್ವರ ಬಂದಾಗಿಂದ ಹಳೇ ವರದಿ ನೋಡ್ಕೊಂಡು, ಬಣ್ಣ ನೋಡ್ಕೊಂಡು ಹೇಗೋ ತಳ್ತಿದ್ದೆ... ಯಾರಿಗೂ ಹೇಳಿಲ್ಲ..."

"ಅಂದ್ರೆ ನಿಮಗೊಂದು ನಾಲಿಗೆ ಬೇಕಾಗಿತ್ತು."

"ಹಾಗಲ್ಲ! ನನ್ನ ಮಾತು ಕೇಳಿ..."

"ಕೆಳಗೆ ನೆಲಮಾಳಿಗೇಲಿ ನನ್ನ ಕೈ ಸಾಕು ಅವರಿಗೆ. ಇಲ್ಲಿ ನಿಮಗೆ ನನ್ನ ನಾಲಿಗೆ ಸಾಕು." ಅವಳಿಗೆ ಕೂಗಾಡಲೂ ಶಕ್ತಿ ಇರಲಿಲ್ಲ. "ಮಿಕ್ಕಿದ್ದು ಯಾರಿಗೂ ಬೇಡ ಅಲ್ವಾ?"

ಎದ್ದಳು. ಬಟ್ಟಲು ಅರ್ಧಕ್ಕರ್ಧ ಹಾಗೇ ಉಳಿದಿತ್ತು. ಆ ಹೋಟೆಲಿನಲ್ಲಿ ಅವಳು ಸೂಪು ಬಿಟ್ಟು ಎದ್ದದ್ದು ಅದೇ ಮೊದಲು. ನೂಡಲ್ ಅಕ್ಕ ಸೌಟು ಹಿಡಿದು ನಿಂತೇ ಇದ್ದಳು.

---

ಮೂರು ವಾರ ಅವಳು ಆ ಬೀದಿಗೆ ಕಾಲಿಡಲಿಲ್ಲ.

ಬಸ್ಸು ಇಳಿದು ಸುತ್ತು ಹಾಕಿ ಮನೆಗೆ ಹೋಗುತ್ತಿದ್ದಳು. ಒಂದು ಕೋಣೆಯ ಮನೆ. ನಿಂತೇ ಬ್ರೆಡ್ಡು ತಿನ್ನುವುದು, ಮಲಗುವುದು, ಏಳುವುದು. ಮತ್ತೆ ಟೋಪಿ, ಮಾಸ್ಕ್, ಗ್ಲೌಸು. ಕತ್ತರಿಗಳು ಬರುತ್ತಿದ್ದವು, ಹೋಗುತ್ತಿದ್ದವು.

'ಒಳ್ಳೇದೇ ಆಯ್ತು. ಇನ್ನೂ ಮುಂದೆ ಹೋಗಿದ್ರೆ ಏನು ಗತಿ?' ಎಂದು ಬುದ್ಧಿ ಹೇಳುತ್ತಿತ್ತು.

ಮನಸ್ಸು ಮಾತ್ರ ಮೂರು ಗಂಟೆಯಾದರೆ ಸಾಕು, "ಹೇಗಿದೆ?" ಎಂಬ ದನಿಗೆ ಕಿವಿ ಕೊಡುತ್ತಿತ್ತು. ಥೂ, ಈ ಮನಸ್ಸಿಗೆ ಮಾನ ಮರ್ಯಾದೆ ಇದ್ದರಲ್ಲವೇ!

"ದನಿ ಯಾಕೆ ಹೀಗಿದೆಯೇ? ನೆಗಡಿಯಾ?" ಅಂದರು ಅಮ್ಮ ಫೋನಿನಲ್ಲಿ.

"ಹೂಂ ಅಮ್ಮ, ನೆಗಡಿ."

ಸುಳ್ಳು ಹೇಳಿದ ಎರಡನೇ ದಿನಕ್ಕೆ ನಿಜವಾಗಿಯೂ ನೆಗಡಿ ಬಂತು. ಅಂತಿಂಥ ನೆಗಡಿಯಲ್ಲ. ಮೂಗು ಕಲ್ಲು ಹಾಕಿ ಮುಚ್ಚಿದಂತೆ, ತಲೆ ಭಾರ, ಮೈಕೈ ನೋವು. ಆದರೂ ಕೆಲಸಕ್ಕೆ ಹೋದಳು. ಹತ್ತು ಗಂಟೆಗೆ ಮೂರನೇ ಸಲ ಸೀನಿದಾಗ ಮೇಲ್ವಿಚಾರಕಿ ಓಡಿ ಬಂದಳು.

"ಹೊರಗೆ, ಹೊರಗೆ! ಸೀನೋ ಕೈ ನನಗೆ ಬೇಡ. ಮನೆಗೆ ಹೋಗು."

'ಕೈಯೂ ಬೇಡವಾಯ್ತು.' ಲಾಕರಿನ ಮುಂದೆ ನಿಂತು ಗ್ಲೌಸು ಬಿಚ್ಚುವಾಗ ಅವಳಿಗೆ ಅಳು ಬರಲಿಲ್ಲ. ಅಳಲಿಕ್ಕೂ ತ್ರಾಣ ಬೇಕು.

ಬಸ್ಸು ಇಳಿದಳು. ಇವತ್ತು ಸುತ್ತು ಹಾಕಲು ಕಾಲು ಒಪ್ಪಲಿಲ್ಲ. ನೇರ ದಾರಿ ಲಾಂಡ್ರಿ ಅಂಗಡಿಯ ಮುಂದಿನಿಂದಲೇ ಹೋಗುತ್ತಿತ್ತು. ನೂಡಲ್ ಅಕ್ಕ ಬಾಗಿಲ ಮೆಟ್ಟಿಲಿಗೆ ನೀರು ಹಾಕುತ್ತಿದ್ದವಳು ತಲೆ ಎತ್ತಿ ನೋಡಿದಳು. ಬಕೆಟ್ಟು ಅಲ್ಲೇ ಬಿಟ್ಟು, ಅವಳ ರಟ್ಟೆ ಹಿಡಿದು, ಒಳಗೆ ಎಳೆದುಕೊಂಡು ಹೋಗಿ ಮೂಲೆಯ ಮೇಜಿನಲ್ಲಿ ಕೂರಿಸಿದಳು.

"ಎರಡು ಚಮಚ! ಎಲ್ಲಿ ಸತ್ತಿದ್ದೆ?" ಎಂದಳು. ಬೈಗುಳವೇ, ಆದರೆ ಹಣೆ ಮುಟ್ಟಿ ಜ್ವರ ನೋಡುತ್ತಾ.

ಮೇಜಿನ ಮೇಲೆ ನಾಲ್ಕು ಡಬ್ಬಿ. ಖಾರ, ಸಕ್ಕರೆ, ವಿನೆಗರ್, ಮೀನಿನ ಸಾಸ್. ತಾನು ಇಡುವ ಕ್ರಮದಲ್ಲೇ, ಸಾಲಾಗಿ.

"ಇದನ್ನ ಹೀಗೆ ಇಟ್ಟಿದ್ದು..." 

"ಅವನೇ, ಇನ್ಯಾರು? ದಿನಾ ಬರ್ತಾನೆ. ಡಬ್ಬಿ ಜೋಡಿಸ್ತಾನೆ. ಒಂದರ ಮುಚ್ಚಳಾನೂ ತೆಗೆಯಲ್ಲ. ಸಪ್ಪೆ ಸೂಪು ತಿಂದು ಹೋಗ್ತಾನೆ. ನನ್ನ ಅಡುಗೆಗೆ ಅವಮಾನ!" ಅಕ್ಕ ಗೊಣಗುತ್ತಾ ಒಳಗೆ ಹೋದಳು.

ಅವಳು ಡಬ್ಬಿಗಳನ್ನೇ ನೋಡುತ್ತಾ ಕೂತಳು. ಒಳಗೆ ಏನೋ ಕುದಿಯುವ ಸದ್ದು. ಬೆಚ್ಚಗಿತ್ತು. ಮೇಜಿನ ಮೇಲೆ ತಲೆಯಿಟ್ಟಳು. ಒಂದು ನಿಮಿಷ ಅಂದುಕೊಂಡಳು. ನಿದ್ದೆ ಬಂದುಬಿಟ್ಟಿತು.

---

ಎಚ್ಚರವಾದಾಗ ಹೆಗಲ ಮೇಲೆ ಯಾರದೋ ಕೋಟು ಹೊದಿಸಿತ್ತು.

ಎದುರಿನ ಮೇಜಿನಲ್ಲಿ, ಹೌದು, ಆ ಹಳೆಯ ಎದುರಿನ ಮೇಜಿನಲ್ಲಿ, ಅವನು ಕೂತಿದ್ದ. ಮೈಮೇಲೆ ನೀಲಿ ಬಣ್ಣದ ದಪ್ಪ ಕೆಲಸದ ಬಟ್ಟೆ. ತೋಳಿಗೆಲ್ಲ ರಟ್ಟಿನ ಧೂಳು. ಗಡ್ಡ ಬೆಳೆದಿತ್ತು.

ಅವಳು ತಲೆ ಎತ್ತಿ, ಕೋಟನ್ನು ಬಿಗಿಯಾಗಿ ಹೊದ್ದುಕೊಂಡಳು.

"ಇದೇನು ವೇಷ?" ಎಂದು ಕೇಳಿದಳು.

"ಗೋಡೌನಿಗೆ ಹಾಕಿದ್ದಾರೆ. ಪೆಟ್ಟಿಗೆಗಳಿಗೆ ಚೀಟಿ ಅಂಟಿಸೋ ಕೆಲಸ. ನೀವು ಎದ್ದು ಹೋದ್ರಲ್ಲ, ಮಾರನೇ ದಿನವೇ ಸಾಹೇಬ್ರ ಹತ್ರ ಹೋಗಿ ಎಲ್ಲ ಹೇಳ್ದೆ. ನನಗೆ ನಾಲಿಗೆ ಇಲ್ಲ, ವರದಿಯಲ್ಲಿರೋ ಮಾತು ನನ್ನದಲ್ಲ ಅಂತ. ಡಬ್ಬದ ಮೇಲಿನ ಅಚ್ಚು ನಿಲ್ಸಿದ್ರು."

"ನಾನು ನಿಮ್ಮ ಕೆಲಸ ಕಳ್ಕೊಳ್ಳಿ ಅಂತ ಹೇಳಿರ್ಲಿಲ್ಲ."

"ಗೊತ್ತು. ನೀವು ಹೇಳಿದ್ದಕ್ಕಲ್ಲ. ಹದಿನಾಲ್ಕು ವರ್ಷ ರುಚಿ ನೋಡೋದು ಬಿಟ್ಟು ಬೇರೇನೂ ಕಲೀಲಿಲ್ಲ ನಾನು. ಅದು ಹೋದ್ರೆ ನಾನು ಯಾರು ಅಂತ ಹೆದರಿಕೆ. ಆ ಹೆದರಿಕೇಲಿ ಒಂದು ಸಲ, ಒಂದೇ ಸಲ, ನಿಮಗೆ ಹೇಳದೆ ನಿಮ್ಮ ಮಾತು ಕದ್ದೆ. ತಪ್ಪು. ದೊಡ್ಡ ತಪ್ಪು."

"ಕೇಳಿದ್ರೆ ಕೊಡ್ತಿದ್ದೆನಲ್ರೀ!" ಎಂದಳು ಅವಳು. "ಕಷ್ಟ ಇದೆ, ಸಹಾಯ ಮಾಡು ಅಂದಿದ್ರೆ ನೂರು ಕಪ್ಪು ಬೇಕಾದ್ರೂ ಕುಡೀತಿದ್ದೆ. ಹೇಳದೆ ತಗೊಂಡ್ರಲ್ಲ... ಅದು ನೋವು."

"ಹೂಂ."

ಅವನು ಸಮಜಾಯಿಷಿ ಕೊಡಲಿಲ್ಲ. ತಲೆ ತಗ್ಗಿಸಿ ಒಪ್ಪಿಕೊಂಡ. ಅದು ಅವಳಿಗೆ ಹಿಡಿಸಿತು, ಹಿಡಿಸಿತೆಂದು ತೋರಿಸಿಕೊಳ್ಳಲಿಲ್ಲ.

"ಮತ್ತೆ ಆ ಸೂಪಿನ ಮಾತೆಲ್ಲ? ಅದೂ ವರದಿಗೇನಾ?"

"ಚಹಾ ಕಂಪನೀಲಿ ನೂಡಲ್ ಸೂಪಿನ ವರದಿ ಯಾರು ಕೇಳ್ತಾರೆ ರೀ..." 

ಅವಳಿಗೆ ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ಸೀನು ಬಂತು.

ನೂಡಲ್ ಅಕ್ಕ ಅವಳ ಮುಂದೆ ಹೊಗೆಯಾಡುವ ಬಟ್ಟಲು ತಂದಿಟ್ಟಳು. ಅವಳು ಚಮಚ ಎತ್ತಿ, ಒಂದು ಗುಟುಕು ಕುಡಿದು, ಹುಬ್ಬು ಗಂಟಿಕ್ಕಿದಳು. ಖಾರ ಹಾಕಿದಳು. ವಿನೆಗರ್ ಹಾಕಿದಳು. ಮತ್ತೆ ಕುಡಿದಳು. ಏನಿಲ್ಲ! ಬರೀ ಬಿಸಿನೀರು.

"ಇದಕ್ಕೇನಾಗಿದೆ? ರುಚಿನೇ ಇಲ್ಲ..." ಮೂರು ವಾರದಿಂದ ಬೇಕೆನಿಸಿದ್ದು ಇದೊಂದೇ. ಇದೂ ಇಲ್ಲವೇ? ಲಾಕರಿನ ಮುಂದೆ ಬಾರದ ಅಳು ಈಗ ಬಂತು. ಚಿಕ್ಕ ಮಕ್ಕಳ ಹಾಗೆ, ಮೂಗು ಒರೆಸಿಕೊಳ್ಳುತ್ತಾ ಅತ್ತಳು. "ನನಗೆ ಏನೂ ಗೊತ್ತಾಗ್ತಾನೇ ಇಲ್ಲ ರೀ..."

ಅವನು ಎದ್ದು ಬಂದ. ಅವಳೆದುರು ಕೂತ. ಅವಳು ಬೇಡ ಅನ್ನಲಿಲ್ಲ.

"ಮೂಗು ಕಟ್ಟಿದೆ ನಿಮಗೆ, ಅಷ್ಟೇ. ನಾಲ್ಕು ದಿನಕ್ಕೆ ಬರುತ್ತೆ. ನಿಮ್ಮದು ಬಂದೇ ಬರುತ್ತೆ."

ಅಕ್ಕನಿಗೆ ಸನ್ನೆ ಮಾಡಿ ಹೊಸ ಬಟ್ಟಲು ತರಿಸಿಕೊಂಡ. ಖಾರ ಎರಡು ಚಮಚ. ಸಕ್ಕರೆ ಅರ್ಧ. ವಿನೆಗರ್ ಒಂದು. ಮೀನಿನ ಸಾಸ್ ಒಂದು, ಎರಡು, ಮೂರು ಹನಿ. ಇವತ್ತು ನೋಡಿ ಹಾಕಲು ಎದುರಿಗೆ ಯಾರೂ ಹಾಕುತ್ತಿರಲಿಲ್ಲ. ಕಲಸಿ, ಬಟ್ಟಲನ್ನು ಅವಳ ಮುಂದೆ ಸರಿಸಿದ.

"ತಿನ್ನಿ. ಹೇಗಿದೆ ಅಂತ ನಾನು ಹೇಳ್ತೀನಿ."

"ನೀವಾ? ನಿಮಗೆ..."

"ತಿನ್ನಿ ಅಂದೆ."

ಅವಳು ಒಂದು ಚಮಚ ಬಾಯಿಗಿಟ್ಟಳು.

"ಮೊದಲು ಹುಳಿ," ಎಂದ ಅವನು ಮೆಲ್ಲಗೆ. "ಬಾಗಿಲು ತಟ್ಟದೆ ನುಗ್ಗೋ ನೆಂಟನ ಹಾಗೆ. ಈಗ ಸಕ್ಕರೆ ಬಂತು, 'ಹೋಗ್ಲಿ ಬಿಡಪ್ಪ' ಅಂತ ಅವನನ್ನ ಕೂರಿಸ್ತು. ಬೆಳ್ಳುಳ್ಳಿ ಹಲ್ಲಿಗೆ ಸಿಕ್ಕಿದೆ, ಈಗ್ಲೇ ಅಗೀಬೇಡಿ, ಅದು ಕೊನೇ ಬೆಂಚಿನವನು, ನಿಧಾನಕ್ಕೆ ಎದ್ದೇಳ್ತಾನೆ. ನುಂಗಿ. ಹಾಂ... ಈಗ ನಿಮ್ಮತ್ತೆ ಬಂದ್ರು, ಹೊರಡುವಾಗ ಒಂದು ಮಾತು ಕುಟುಕಿದ್ರು."

ಎಲ್ಲ ಅವಳ ಮಾತುಗಳೇ. ಒಂದೂ ಬಿಟ್ಟುಹೋಗಿರಲಿಲ್ಲ. ನೋಟ್‌ಬುಕ್ಕು ಅವನ ಕೈಯಲ್ಲಿರಲಿಲ್ಲ.

ಅವಳ ಭುಜ ಮೆಲ್ಲಗೆ ಕೆಳಗಿಳಿಯಿತು. ಅವನು ಅದನ್ನು ನೋಡಿದ. ಅವನ ಕಣ್ಣು ತುಂಬಿ ಬಂತು.

"ಈ ಮೂರು ವಾರ ನಾನು ಕಾದಿದ್ದು ಇದಕ್ಕೇ," ಎಂದ. "ನನ್ನ ರುಚಿ ವಾಪಸ್ ಬರುತ್ತೋ ಇಲ್ವೋ, ಡಾಕ್ಟ್ರಿಗೂ ಗೊತ್ತಿಲ್ಲ. ಬರ್ದೇ ಇದ್ರೂ ಪರವಾಗಿಲ್ಲ, ಅಭ್ಯಾಸ ಮಾಡ್ಕೋತೀನಿ. ನೀವು ಬರ್ದೇ ಇದ್ರೆ ಮಾತ್ರ ಅಭ್ಯಾಸ ಆಗಲ್ಲ. ನೋಡ್ಬಿಟ್ಟೆ, ಆಗ್ಲಿಲ್ಲ. ನನಗೆ ನೀವು ಇಷ್ಟ ರೀ. ಮೂಗು ಸೋರ್ತಾ, ಏನೂ ಗೊತ್ತಾಗದೆ ಕೂತಿರೋ ನೀವೂ ಇಷ್ಟ."

ಅವಳು ಕರವಸ್ತ್ರ ಹುಡುಕಿದಳು. ಸಿಗಲಿಲ್ಲ. ಅವನ ಕೋಟಿನ ತೋಳಿನಿಂದಲೇ ಕಣ್ಣೊರೆಸಿಕೊಂಡಳು. ಈ ಎಂಟೊಂಬತ್ತು ತಿಂಗಳಲ್ಲಿ ಅವಳ ಕೈ ಕೆಲಸಕ್ಕೆ ಬಾರದ ದಿನ, ನಾಲಿಗೆ ಕೆಲಸಕ್ಕೆ ಬಾರದ ದಿನ, ಇದೊಂದೇ. ಈ ದಿನವೇ ಅವಳು ಬೇಕು ಎಂದು ಒಬ್ಬ ಎದುರಿಗೆ ಕೂತಿದ್ದ.

"ಒಂದು ಮಾತು," ಎಂದಳು.

"ಹೇಳಿ."

"ಇನ್ಮೇಲೆ ಏನೇ ಇದ್ರೂ ಮೊದಲು ನನಗೆ ಹೇಳ್ಬೇಕು. ಹೆದರಿಕೆ ಆದ್ರೆ ಹೆದರಿಕೆ ಆಯ್ತು ಅಂತಾನೇ ಹೇಳ್ಬೇಕು."

"ಈಗ್ಲೂ ಹೆದರಿಕೆ ಆಗ್ತಿದೆ."

"ಯಾಕೆ?"

"ನೀವಿನ್ನೂ ಉತ್ತರ ಹೇಳಿಲ್ಲ."

ಅವಳು ಚಮಚಗಳಿಟ್ಟಿದ್ದ ಲೋಟದಿಂದ ಇನ್ನೊಂದು ಚಮಚ ತೆಗೆದು, ತನ್ನ ಕೋಟಿನ... ಅಲ್ಲ, ಅವನದೇ ಕೋಟಿನ ಅಂಚಿನಿಂದ ಅಚ್ಚುಕಟ್ಟಾಗಿ ಒರೆಸಿ, ಅವನ ಕೈಗಿಟ್ಟಳು. ಬಟ್ಟಲನ್ನು ಇಬ್ಬರ ನಡುವೆ ಎಳೆದಳು.

"ಆರಿಹೋಗುತ್ತೆ. ತಿನ್ನು."

ತಿನ್ನು! ತಿನ್ನಿ ಅಲ್ಲ. ಅವನು ಚಮಚ ಹಿಡಿದವನು ಹಾಗೇ ಅವಳನ್ನು ನೋಡುತ್ತಾ ಉಳಿದ. ನೂಡಲ್ ಅಕ್ಕ ಒಳಗೆ ಬೇಕೆಂದೇ ಪಾತ್ರೆ ಸದ್ದು ಮಾಡುತ್ತಿದ್ದಳು.

ಒಂದೇ ಬಟ್ಟಲಿಗೆ ಇಬ್ಬರೂ ಬಗ್ಗಿದರು. ಅವನು ಒಂದು ಚಮಚ, ಅವಳು ಒಂದು ಚಮಚ.

"ಹೇಗಿದೆ?" ಅಂದಳು ಅವಳು.

"ಏನೂ ಗೊತ್ತಾಗ್ತಿಲ್ಲ. ನಿನಗೆ?"

"ನನಗೂ ಗೊತ್ತಾಗ್ತಿಲ್ಲ."

ಇಬ್ಬರೂ ಬಟ್ಟಲಿನ ತಳ ಕಾಣುವವರೆಗೂ ತಿಂದರು.

"ಮುಗೀತಾ ಬಂತು... ಇನ್ನೊಂದು ಬಟ್ಟಲು ಹೇಳ್ಲಾ?" ಅಂದ ಅವನು.

"ಹೇಳು," ಎಂದಳು ಅವಳು, ಮೂಗೆಳೆಯುತ್ತಾ. "ತುಂಬಾ ಚೆನ್ನಾಗಿದೆ."